ಕತ್ತರಿಯಲ್ಲಿ ಹೂಂಗುಟ್ಟುವವನು

ಕಟಿಂಗ್ ಶಾಪಿನವರೆಂದರೆ ಬಾಯಿಬಡುಕರು ಎಂಬುದು ಲೋಕದ ಲೆಕ್ಕ. ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡವನು ಎದ್ದು ಓಡುವಂತಿಲ್ಲ, ಕಿವಿ ಮುಚ್ಚಿಕೊಳ್ಳೋಣವೆಂದರೆ ಕೈಗಳು ಬಟ್ಟೆಯೊಳಗೆ. ಊರ ಸುದ್ದಿಯನ್ನೆಲ್ಲ ಕೇಳಿಸಿಕೊಂಡೇ ಏಳಬೇಕು. ಆದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಪಕ್ಕಕ್ಕಿರುವ ಒಂಟಿ ಕುರ್ಚಿಯ ಅಂಗಡಿಯಲ್ಲಿ ಈ ಕಾಟವಿಲ್ಲ. ಅದರ ಮಾಲೀಕ ಮಾತೇ ಆಡುವುದಿಲ್ಲ. ಗಿರಾಕಿಗಳು ಅವನಿಗೆ ಮೌನಿ ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿದೆ. ನಿಜವಾದ ಹೆಸರು ಈಗ ಯಾರಿಗೂ ನೆನಪಿಲ್ಲ. ಅದರಿಂದ ಅವನಿಗೆ ಬೇಸರವೂ ಇಲ್ಲ.

ಮಾತಾಡುವುದಿಲ್ಲ ಅಂದಮಾತ್ರಕ್ಕೆ ಉತ್ತರ ಕೊಡುವುದಿಲ್ಲ ಎಂದುಕೊಳ್ಳಬೇಡಿ. ಅವನು ಕತ್ತರಿಯಲ್ಲೇ ಹೂಂಗುಟ್ಟುತ್ತಾನೆ. ಕೂದಲಿನಿಂದ ಕತ್ತರಿಯನ್ನು ಎತ್ತಿ ಗಾಳಿಯಲ್ಲಿ ಒಮ್ಮೆ ಕಚಕ್ ಎನ್ನಿಸಿದರೆ 'ಹೂಂ, ಆಮೇಲೆ?' ಎಂದರ್ಥ. ಎರಡು ಸಲ ಬೇಗಬೇಗ ಅನ್ನಿಸಿದರೆ 'ಹೌದೌದು'. ನಿಧಾನಕ್ಕೆ ಎಳೆದು ಒಂದು ಸಲ ಮುಚ್ಚಿದರೆ 'ಅಯ್ಯೋ ಪಾಪ'. ಹೆಂಡತಿಯ ಜೊತೆ ಜಗಳವಾಡಿ ಬಂದವನು ಕುರ್ಚಿಯಲ್ಲಿ ಕೂತು, "ನೀನೇ ಹೇಳು, ತಪ್ಪು ಅವಳದ್ದೇ ಅಲ್ವಾ?" ಎಂದು ಕೇಳಿ, ಎರಡು ಕಚಕಚ ಕೇಳಿಸಿಕೊಂಡು, ಗೆದ್ದವನಂತೆ ತಲೆ ಒರೆಸಿಕೊಂಡು ಹೋಗುತ್ತಿದ್ದ. ಇಂಥ ತಿಳಿವಳಿಕಸ್ಥ ಇನ್ನೊಬ್ಬನಿಲ್ಲ ಎಂದು ಬೀದಿಯವರ ನಂಬಿಕೆ. ಕೆಲವರಂತೂ ಗಡ್ಡ ಬೆಳೆಯುವ ಮೊದಲೇ ಬಂದು ಕೂರುತ್ತಿದ್ದರು.

ಆದರೆ ಮೌನಿಯದ್ದು ತಪಸ್ಸಿನ ಮೌನವಲ್ಲ. ಅವನಿಗೆ ಉಗ್ಗು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಆ ಮಾತು ತನ್ನನ್ನು ನೋಡಿಯೇ ಹುಟ್ಟಿದ್ದು ಎಂದು ಅವನು ಚಿಕ್ಕವನಿದ್ದಾಗಿನಿಂದ ನಂಬಿದ್ದ. ಶಾಲೆಯಲ್ಲಿ ಹಾಜರಿ ಕರೆಯುವಾಗ ಅವನ ಸರದಿ ಬರುತ್ತಿದ್ದಂತೆ ಗಂಟಲು ಕಟ್ಟುತ್ತಿತ್ತು. ತುಟಿ ಸೇರುತ್ತಿತ್ತು, ಬಿಡಿಸಿಕೊಳ್ಳುತ್ತಿರಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕೂತೇ ಗೈರುಹಾಜರಾದ ಹುಡುಗ ಆ ಶಾಲೆಯಲ್ಲಿ ಅವನೊಬ್ಬನೇ ಇರಬೇಕು.

ಅವನಿಗೊಬ್ಬ ಅಕ್ಕ. ಪ್ರಾಣಕ್ಕೆ ಪ್ರಾಣ. ತಮ್ಮನಿಗೆ ಬಾಯಿ ಕೊಡುವಾಗ ದೇವರು ಮಾಡಿದ ಜಿಪುಣತನವನ್ನೆಲ್ಲ ತಾನು ತುಂಬಿಕೊಡಬೇಕೆಂದು ಅವಳು ತೀರ್ಮಾನಿಸಿದ್ದಳು. ಅವನು ಮೊದಲಕ್ಷರ ಎತ್ತಿದರೆ ಸಾಕು, ಮಿಕ್ಕಿದ್ದನ್ನು ಅವಳು ನೋಡಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ, ನೆಂಟರ ಮನೆಯಲ್ಲಿ, ಡಾಕ್ಟರ ಮುಂದೆ, ಎಲ್ಲ ಕಡೆ. ಹತ್ತಕ್ಕೆ ಏಳೆಂಟು ಸಲ ಸರಿಯಾಗಿಯೇ ಇರುತ್ತಿತ್ತು. ಉಳಿದ ಸಲ ಅವನು ಕೇಳಹೊರಟಿದ್ದು ಒಂದು, ಕೈಗೆ ಬರುತ್ತಿದ್ದದ್ದು ಇನ್ನೊಂದು. ಅದಲ್ಲ ಎಂದು ಹೇಳಬೇಕಾದರೆ ಮತ್ತೊಂದು ಮಾತು ಎತ್ತಬೇಕಲ್ಲ! ಅದಕ್ಕಿಂತ ಸಿಕ್ಕಿದ ಬಣ್ಣದ ಅಂಗಿ ತೊಟ್ಟುಕೊಳ್ಳುವುದೇ ಸುಲಭವಾಗಿತ್ತು.

ಅವನ ಕಸುಬೂ ಹಾಗೇ ಸಿಕ್ಕಿದ್ದು. ಶಾಲೆ ಬಿಟ್ಟ ವರ್ಷ ಸೋದರಮಾವ ಬಂದು, "ಏನೋ, ಯಾವ ಕೆಲಸ ಕಲೀತೀಯ? ನಾನು ಸೇರಿಸ್ತೀನಿ" ಎಂದು ಕೇಳಿದ. ಹುಡುಗನ ಮನಸ್ಸೆಲ್ಲ ರೇಡಿಯೋ ರಿಪೇರಿಯ ಮೇಲಿತ್ತು. ದಿನಾ ಸಂಜೆ ಆ ಅಂಗಡಿಯ ಮುಂದೆ ನಿಂತು, ಬಿಚ್ಚಿಟ್ಟ ಡಬ್ಬಗಳೊಳಗಿಂದ ಗಂಟಲು ಕೆಟ್ಟ ದನಿಗಳು ಸರಿಹೋಗುವುದನ್ನು ನೋಡುತ್ತಿದ್ದ. "ನಂಗೆ..." ಎಂದು ಶುರುಮಾಡಿದ. ಮುಂದಿನ ಪದ ನಾಲಿಗೆಯಡಿ ಸಿಕ್ಕಿಕೊಂಡಿತು. ರೇಡಿಯೋ ಅಂಗಡಿಯ ಪಕ್ಕವೇ ಕಟಿಂಗ್ ಶಾಪು. ತಮ್ಮ ಅಲ್ಲಿ ನಿಲ್ಲುವುದನ್ನು ಕಂಡಿದ್ದ ಅಕ್ಕ, "ಅವನಿಗೆ ಕತ್ತರಿ ಕೆಲಸ ಅಂದ್ರೆ ಇಷ್ಟ ಮಾಮ, ದಿನಾ ಹೋಗಿ ನೋಡ್ತಾನೆ" ಎಂದುಬಿಟ್ಟಳು. ಮಾವ ಅವನ ಬೆನ್ನು ತಟ್ಟಿದ. ಕತೆ ಮುಗಿಯಿತು.

ಹಾಗೆಂದು ಅವನೇನೂ ಕೊರಗಲಿಲ್ಲ. ಕೈ ಕುದುರಿತು, ಕೆಲಸ ಒಗ್ಗಿತು, ಕತ್ತರಿಗೆ ಮಾತು ಬಂತು. ಪಕ್ಕದ ಔಷಧಿ ಅಂಗಡಿಯ ಕೌಂಟರಿನಲ್ಲಿದ್ದ ಹುಡುಗಿಗೆ ಇಬ್ಬರ ಮಾತನ್ನೂ ಒಬ್ಬಳೇ ಆಡುವಷ್ಟು ತಾಕತ್ತಿತ್ತು. ಹತ್ತಿ ಕೊಳ್ಳಲು ಬಂದು ಬೆರಳು ತೋರಿಸಿ ನಿಲ್ಲುತ್ತಿದ್ದವನನ್ನು ನೋಡಿ ನೋಡಿ, ಕೊನೆಗೆ ಮದುವೆಯ ವಿಷಯವನ್ನೂ ಅವಳೇ ಎತ್ತಿದಳು. ಇವನು ತಲೆಯಾಡಿಸಿದ. ಮೌನವೇ ಸಮ್ಮತಿ ಎಂದು ಹಿರಿಯರು ಹೇಳಿದ್ದು ಇಂಥವರ ಅನುಕೂಲಕ್ಕೇ.

ಮಗಳು ಹುಟ್ಟಿದ ಮೇಲೆ ಒಂದು ಸೋಜಿಗ ನಡೆಯಿತು. ತೊಟ್ಟಿಲಿನಲ್ಲಿದ್ದ ಕೂಸಿನ ಮುಂದೆ ಅವನ ನಾಲಿಗೆ ಎಣ್ಣೆ ಹಚ್ಚಿದ ಹಾಗೆ ಓಡಿತು. ಗಿರಾಕಿಗಳು ಹೇಳಿದ್ದು, ಬೀದಿಯಲ್ಲಿ ಕಂಡದ್ದು, ಬಾಲ್ಯದಲ್ಲಿ ನುಂಗಿಕೊಂಡದ್ದು, ಎಲ್ಲವನ್ನೂ ಆ ಮಗುವಿಗೆ ಹೇಳಿದ. ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿ, "ರೀ, ನೀವು ಇಷ್ಟು ಮಾತಾಡ್ತೀರಾ? ನನ್ನ ಹತ್ರ ಯಾಕೆ ಆಡಲ್ಲ?" ಎಂದು ಹುಸಿಮುನಿಸು ತೋರಿಸಿದಳು. ಮಗು ಬೆಳೆದು ಮಾತು ತಿಳಿಯುವಂತಾದಾಗ ಉಗ್ಗು ಅಲ್ಲೂ ಇಣುಕಿತು. ಅವಳು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅಪ್ಪಂದಿರು ಮಾತಾಡುವುದೇ ಹಾಗೆ ಎಂದುಕೊಂಡಿದ್ದಳೋ ಏನೋ. ಅವಳು ತಾನೂ ಪಟಪಟನೆ ಮಾತು ಸಿಡಿಸುತ್ತ ಓಡಾಡುತ್ತಿದ್ದಳು. ಮನೆಯವರೆಲ್ಲ ಅವಳನ್ನು ಚಿನಕುರುಳಿ ಎಂದೇ ಕರೆಯುತ್ತಿದ್ದರು.

ಚಿನಕುರುಳಿಗೆ ನಾಲ್ಕು ತುಂಬಿ ಐದು ಹತ್ತಿರವಾದಾಗ ಮಾತುಗಳು ಬಾಗಿಲಲ್ಲಿ ನೂಕುನುಗ್ಗಲು ಮಾಡತೊಡಗಿದವು. "ನಂ-ನಂ-ನಂಗೆ ಅದು ಬೇಕು" ಅಂದಳು. ಮೊದಲು ಆಟವಿರಬೇಕು ಎಂದುಕೊಂಡರು. ಆಮೇಲೆ "ಬಾ-ಬಾ-ಬಾ..." ಎಂದು ನಿಂತು, ಕಣ್ಣು ಬಿಗಿಯಾಗಿ ಮುಚ್ಚಿ, ಕಾಲು ನೆಲಕ್ಕೆ ಒದ್ದಳು. ಆ ಕಣ್ಣು ಮುಚ್ಚುವುದು ಮೌನಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಬಂದಳು, ಕೇಳಿದಳು, ತಮ್ಮನನ್ನು ಅಡುಗೆಮನೆಗೆ ಕರೆದಳು. "ನೋಡೋ, ಬೇಜಾರು ಮಾಡ್ಕೋಬೇಡ. ಮಕ್ಕಳು ದೊಡ್ಡವರನ್ನ ನೋಡಿ ಕಲಿಯೋದು. ನಿನ್ನ ಮಾತು ಕೇಳಿ ಕೇಳಿ ಅದಕ್ಕೂ ಅಂಟಿಕೊಂಡಿದೆ. ಸ್ವಲ್ಪ ದಿನ ಅವಳ ಮುಂದೆ ಬಾಯಿ ಬಿಡಬೇಡ. ತಾನಾಗೇ ಸರಿಹೋಗುತ್ತೆ."

ಅವಳು ಕೆಟ್ಟದ್ದನ್ನು ಬಯಸಿ ಹೇಳಿದ್ದಲ್ಲ. ಮಗುವಿನ ಮೇಲೆ ಅವಳಿಗೂ ಜೀವವೇ. ಆದರೂ ಆ ಮಾತು ಗಾಯದ ಮೇಲೆ ಬರೆ ಎಳೆದಂತೆ ಬಿತ್ತು. ಲೋಕದಲ್ಲಿ ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಒಂದೇ ಕಡೆ, ಅದನ್ನೂ ಮುಚ್ಚಬೇಕೇ? ಮುಚ್ಚಿದ. ಮಗಳಿಗಾಗಿ ಅಪ್ಪಂದಿರು ಏನೇನೋ ಬಿಡುತ್ತಾರೆ, ಬೀಡಿ ಬಿಡುತ್ತಾರೆ, ಕುಡಿತ ಬಿಡುತ್ತಾರೆ. ಇವನು ಮಾತು ಬಿಟ್ಟ.

ಮನೆಗೆ ಬಂದರೆ ಸನ್ನೆ, ತಲೆಯಾಡಿಸುವುದು, ಹೆಚ್ಚೆಂದರೆ ಒಂದು ನಗೆ. ಚಿನಕುರುಳಿ ಮೊದಮೊದಲು ಅಂಗಿ ಹಿಡಿದು ಎಳೆದಳು. "ಅಪ್ಪ, ಹೇ-ಹೇ-ಹೇಳು, ಇವತ್ತು ಯಾರು ಬಂದಿದ್ರು?" ಎಂದು ಕಾಡಿದಳು. ಅವನು ತುಟಿ ಬಿಗಿಹಿಡಿದು ಅವಳ ತಲೆ ಸವರಿದ. ದಿನ ಕಳೆದಂತೆ ಅವಳು ಕೇಳುವುದನ್ನು ಬಿಟ್ಟಳು. ಆಮೇಲೆ ಬೇರೆಯವರ ಹತ್ತಿರವೂ ಮಾತು ಕಮ್ಮಿಯಾಯಿತು. ಉಗ್ಗು ಕೇಳಿಸುತ್ತಿಲ್ಲವೆಂದು ಅಕ್ಕ ಹಿಗ್ಗಿದಳು. ಬಾವಿಯೇ ಬತ್ತಿದ ಮೇಲೆ ಕೊಡ ಸೋರುತ್ತಿಲ್ಲ ಎಂದು ಖುಷಿಪಟ್ಟಂತೆ ಆ ಸಂತೋಷ.

ಹೆಂಡತಿ ಮಾತ್ರ ಹಿಗ್ಗಲಿಲ್ಲ. ಔಷಧಿ ಅಂಗಡಿಗೆ ಬರುವವರನ್ನು ವಿಚಾರಿಸಿ, ಮಗಳ ಕೈ ಹಿಡಿದು ಮಕ್ಕಳ ಆಸ್ಪತ್ರೆಗೆ ಹೋದಳು. ಎಕ್ಸ್‌ರೇ ಕೋಣೆ ದಾಟಿ, ಓಣಿಯ ತುದಿಯಲ್ಲಿ, ಗೋಡೆಗೆಲ್ಲ ಸ್ಪಂಜು ಅಂಟಿಸಿದ ಒಂದು ಸಣ್ಣ ಕೋಣೆ. ಅಲ್ಲಿದ್ದಾಕೆ ಮಕ್ಕಳಿಗೆ ಮಾತಿನ ಚಿಕಿತ್ಸೆ ಕೊಡುವವಳು. ಮಕ್ಕಳ ಬಾಯಲ್ಲಿ ಅವಳು ಮಾತಿನ ಮಿಸ್. ಚಪ್ಪಲಿ ಕಳಚಿ ನೆಲದ ಮೇಲೆ ಕೂರುತ್ತಿದ್ದಳು. ಆಟಿಕೆಗಳನ್ನು ಬೇಕೆಂದೇ ಎತ್ತರದ ಕಪಾಟಿನಲ್ಲಿ ಇಟ್ಟಿದ್ದಳು, ಬೇಕಾದವರು ಕೇಳಲಿ ಎಂದು. ಚಿನಕುರುಳಿ ಕಪಾಟಿನ ಗೊಂಬೆಯನ್ನು ನೋಡಿದಳು, ಕೇಳಲಿಲ್ಲ. "ಇದು ಬೇಕಾ ನಿಂಗೆ?" ಎಂದು ಮಿಸ್ ಕೇಳಿದಾಗ, ಮಗು ಬಲಗೈ ಎತ್ತಿ ಎರಡು ಬೆರಳನ್ನು ಬೇಗಬೇಗ ಎರಡು ಸಲ ಕೂಡಿಸಿ ಬಿಡಿಸಿತು.

ಮಿಸ್ ಹುಬ್ಬೇರಿಸಿದಳು. "ಇದೇನಮ್ಮ ಇದು?"

"ಅದಾ?" ಎಂದು ತಾಯಿ ನಗಲು ಹೋಗಿ ನಗಲಾರದೆ, "ಅವರಪ್ಪ ಅಂಗಡೀಲಿ ಕತ್ತರಿ ಆಡಿಸ್ತಾರಲ್ಲ, ಹೌದೌದು ಅನ್ನೋಕೆ. ಅದು" ಎಂದಳು.

"ಮುಂದಿನ ವಾರ ಅವರನ್ನೂ ಕರ್ಕೊಂಡು ಬನ್ನಿ."

ಮೌನಿ ಬಂದ, ಆದರೆ ಒಬ್ಬನೇ ಬರಲಿಲ್ಲ. ತನ್ನ ಬಾಯಿಯನ್ನೂ ಜೊತೆಗೆ ಕರೆತಂದ, ಅಂದರೆ ಅಕ್ಕನನ್ನು. ಆ ಕೋಣೆಯ ಕುರ್ಚಿಗಳು ಎಷ್ಟು ಗಿಡ್ಡವೆಂದರೆ ಕೂತವರ ಮೊಣಕಾಲು ಗಲ್ಲಕ್ಕೆ ಬರುತ್ತಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ಆಚೆ ಹೋದ ಮೇಲೆ ಮಿಸ್ ಅವನ ಕಡೆ ತಿರುಗಿದಳು. "ನೀವು ಏನು ಕೆಲಸ ಮಾಡ್ತೀರಿ?"

"ಕಟಿಂಗ್ ಶಾಪ್ ಇದೆ ಮೇಡಂ, ಸ್ವಂತದ್ದು. ಬಸ್ ನಿಲ್ದಾಣದ ಹಿಂದೆ," ಎಂದಳು ಅಕ್ಕ.

"ಒಳ್ಳೇದು. ಆದ್ರೆ ನಾನು ಇವರನ್ನ ಕೇಳಿದ್ದು," ಎಂದು ಮಿಸ್ ಮೆತ್ತಗೆ ಹೇಳಿ ಕಾದಳು. ಅವಳು ಕಾಯುವುದು ಬೇರೆ ಥರ ಇತ್ತು. ಗಡಿಯಾರ ನೋಡಲಿಲ್ಲ, ತಲೆಯಾಡಿಸಿ ಅವಸರಪಡಿಸಲಿಲ್ಲ, ಮುಖದಲ್ಲಿ ಕನಿಕರವನ್ನೂ ತರಲಿಲ್ಲ. ಮೌನಿಯ ದವಡೆ ಬಿಗಿಯಿತು, ಕತ್ತಿನ ನರ ಎದ್ದಿತು. "ಕ... ಕ... ಕ್... ಕಟಿಂಗ್ ಶಾಪ್."

"ಮಕ್ಕಳೂ ಬರ್ತಾರಾ? ಅಳೋ ಮಕ್ಕಳನ್ನ ಹೇಗೆ ಕೂರಿಸ್ತೀರಿ?"

ಅವನಿಗೆ ಆಶ್ಚರ್ಯವಾಯಿತು. ಒಮ್ಮೆ ಅವನ ಉತ್ತರ ಕೇಳಿದವರು ಎರಡನೆಯ ಪ್ರಶ್ನೆ ಕೇಳಿದ್ದೇ ಇಲ್ಲ. ಕುರ್ಚಿಯ ಕೈಗಳ ಮೇಲೆ ಅಡ್ಡ ಹಾಕುವ ಹಲಗೆಯ ವಿಷಯ ಹೇಳಿದ, ಕೈಗೊಂದು ಬಾಚಣಿಗೆ ಕೊಟ್ಟರೆ ಮಕ್ಕಳು ಸುಮ್ಮನಾಗುತ್ತಾರೆಂದು ಹೇಳಿದ. ಹೇಳಲು ತುಂಬ ಹೊತ್ತು ಹಿಡಿಯಿತು. ಕೊನೆಗೆ ಎದೆಯಲ್ಲಿದ್ದ ಕಲ್ಲನ್ನು ತಾನೇ ಎತ್ತಿ ಮುಂದಿಟ್ಟ. "ಇದು... ನ-ನನ್ನಿಂದ ಅಂ... ಅಂಟಿದ್ದಾ?"

"ಅಂಟೋಕೆ ಇದೇನು ನೆಗಡಿನಾ?" ಎಂದಳು ಮಿಸ್. "ಮನೆತನದಲ್ಲಿ ಬರಬಹುದು. ನಿಮ್ಮ ಮೂಗು ಅವಳಿಗೆ ಬಂದಿಲ್ವಾ, ಹಾಗೆ. ನಿಮ್ಮ ಮಾತು ಕೇಳಿ ಬಂದಿದ್ದಲ್ಲ, ನೀವು ಬಾಯಿ ಮುಚ್ಚಿದ್ರೆ ಹೋಗೋದೂ ಅಲ್ಲ. ಬಹಳ ಮಕ್ಕಳಿಗೆ ಕಡಿಮೆ ಆಗುತ್ತೆ, ಕೆಲವರಿಗೆ ಉಳ್ಕೊಳ್ಳುತ್ತೆ. ಇವಳದ್ದು ಹೇಗೋ ಈಗಲೇ ಹೇಳೋಕಾಗಲ್ಲ. ಆದ್ರೆ ಉಗ್ಗಿದ್ರೆ ನಂಗೆ ಹೆದರಿಕೆ ಇಲ್ಲ. ನನ್ನ ಹೆದರಿಕೆ ಇದು," ಎಂದು ಎರಡು ಬೆರಳು ಎತ್ತಿ ಕತ್ತರಿಯಂತೆ ಆಡಿಸಿದಳು. "ಇದನ್ನ ಮಾತ್ರ ಅವಳು ನಿಮ್ಮಿಂದಲೇ ಕಲಿತಿದ್ದಾಳೆ."

ಮೌನಿ ಆ ಬೆರಳುಗಳನ್ನೇ ನೋಡಿದ. ತನ್ನ ಉಗ್ಗು ಮಗಳಿಗೆ ತಾಗದಿರಲಿ ಎಂದು ಬಾಗಿಲು ಹಾಕಿಕೊಂಡರೆ, ತನ್ನ ಮೌನ ಕಿಟಕಿಯಿಂದ ಹಾರಿ ಅವಳನ್ನು ಸೇರಿತ್ತು. ಇವಳೂ ತನ್ನ ಹಾಗೆಯೇ ಬಾಯಿಗೆ ಬೀಗ ಹಾಕಿಕೊಂಡು ಬದುಕಿಬಿಟ್ಟರೆ? ಸಿಕ್ಕಿದ ಬಣ್ಣದ ಅಂಗಿಯನ್ನೇ ತೊಟ್ಟುಕೊಂಡು? ಕಣ್ಣಲ್ಲಿ ನೀರು ತುಂಬಿತು. ಅವನು ಅದನ್ನು ಒರೆಸಿಕೊಳ್ಳಲೂ ಇಲ್ಲ.

ಮಿಸ್ ಹೇಳಿಕೊಟ್ಟ ಔಷಧ ಸಣ್ಣದು. ದಿನಾ ಸ್ವಲ್ಪ ಹೊತ್ತು ಅಪ್ಪ ಮಗಳು ಇಬ್ಬರೇ ಕೂರಬೇಕು. ಒಂದು ವಸ್ತು ಇಟ್ಟುಕೊಳ್ಳಬೇಕು. ಅದು ಯಾರ ಕೈಯಲ್ಲಿದೆಯೋ ಅವರದ್ದೇ ಮಾತು, ಎಷ್ಟು ಹೊತ್ತಾದರೂ ಸರಿ. ಮಿಕ್ಕವರು ಕಾಯಬೇಕು. ನಿಧಾನ ಅನ್ನಬಾರದು, ಉಸಿರು ತಗೋ ಅನ್ನಬಾರದು, ಇನ್ನೊಬ್ಬರ ಮಾತನ್ನು ಮುಗಿಸಲೇಬಾರದು. ಮಗುವನ್ನು ಒಳಗೆ ಕರೆದು ಅವಳಿಗೂ ಆಟದ ನಿಯಮ ಹೇಳಿದಳು. ಹೊರಗೆ ಬರುವಾಗ ಅಕ್ಕ ಗೊಣಗಿದಳು: "ಸುಮ್ನೆ ಕೂತು ಕಾಯೋದನ್ನ ಹೇಳಿಕೊಡೋಕೆ ಇಷ್ಟೆಲ್ಲ ಓದಬೇಕಾ?"

ಓದಬೇಕೋ ಬೇಡವೋ, ಕಾಯುವುದು ಅಷ್ಟು ಸುಲಭವಾಗಿರಲಿಲ್ಲ. ಅವರು ಬಾಚಣಿಗೆಯನ್ನು ಆರಿಸಿಕೊಂಡರು. ಮೌನಿ ಅದನ್ನು ಹಿಡಿದು ಮಂಚದ ತುದಿಯಲ್ಲಿ ಕೂತ. ಬಾಯಿ ತೆರೆದ, ಮುಚ್ಚಿದ, ಬಾಚಣಿಗೆಯನ್ನು ಮಗಳಿಗೆ ಕೊಟ್ಟ. ಅವಳು ಬಿಸಿ ಪಾತ್ರೆ ಮುಟ್ಟಿದವಳಂತೆ ಥಟ್ಟನೆ ಹಿಂದಿರುಗಿಸಿದಳು. ಮರುದಿನವೂ ಅಷ್ಟೇ. ಬಾಚಣಿಗೆ ಆ ಕೈಯಿಂದ ಈ ಕೈಗೆ, ಈ ಕೈಯಿಂದ ಆ ಕೈಗೆ ಓಡಾಡಿತು, ಒಂದು ಮಾತೂ ಹೊರಬರಲಿಲ್ಲ. ಇಷ್ಟು ದಿನ ಮೆತ್ತಿದ ಮಣ್ಣು ಒಂದೇ ಸಲಕ್ಕೆ ಉದುರುವುದೇ? ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತ, ಒಳಗೆ ಹೋಗಿ ತಾನೇ ನಾಲ್ಕು ಮಾತಾಡಿಬಿಡಬೇಕು ಅನ್ನಿಸಿದ್ದನ್ನು ಹೇಗೋ ತಡೆದುಕೊಂಡಳು.

ವಾರದ ರಜೆಯ ಮಧ್ಯಾಹ್ನ ಮಗಳ ಕೂದಲು ಕಣ್ಣಿಗೆ ಬರುತ್ತಿದೆಯೆಂದು ಅವಳನ್ನು ಅಂಗಡಿಗೆ ಕರೆದೊಯ್ದ. ಷಟರ್ ಅರ್ಧ ಎತ್ತಿದ, ಹಲಗೆ ಅಡ್ಡ ಹಾಕಿದ, ಚಿನಕುರುಳಿಯನ್ನು ಎತ್ತಿ ಕೂರಿಸಿದ. ನೀರು ಚಿಮುಕಿಸಿದಾಗ ಅವಳು ಮುಖ ಹಿಂಡಿ ನಕ್ಕಳು. ಆ ಹೊತ್ತಿಗೆ ಅಕ್ಕ ಷಟರ್ ಕೆಳಗೆ ಬಗ್ಗಿ ಒಳಬಂದಳು. ಮಗುವನ್ನು ಸಂಜೆಗೆ ತನ್ನ ಮನೆಗೆ ಕರೆದೊಯ್ಯುವ ಮಾತಾಗಿತ್ತು. ಗಿರಾಕಿಗಳ ಬೆಂಚಿನ ಮೇಲೆ ಕೂತು, ಹಳೇ ವಾರಪತ್ರಿಕೆ ಬೀಸಿಕೊಂಡು ಗಾಳಿ ಹಾಕಿಕೊಂಡಳು.

ಮೌನಿಯ ಎಡಗೈಯಲ್ಲಿ ಬಾಚಣಿಗೆ, ಬಲಗೈಯಲ್ಲಿ ಕತ್ತರಿ. ಹಣೆಯ ಕೂದಲನ್ನು ನೇರ ಬಾಚಿ ಅಳತೆ ನೋಡುತ್ತಿದ್ದಾಗ, ಬಟ್ಟೆಯ ಕೆಳಗಿನಿಂದ ಒಂದು ಪುಟ್ಟ ಕೈ ಬಂದು ಬಾಚಣಿಗೆಯನ್ನು ಕಿತ್ತುಕೊಂಡಿತು. ಚಿನಕುರುಳಿ ಕನ್ನಡಿಯಲ್ಲಿ ಅಪ್ಪನನ್ನು ನೋಡಿದಳು.

"ಅಪ್ಪ, ನಾ-ನಾ-ನಾನು ಕೆಟ್ಟದಾಗಿ ಮಾ... ಮಾತಾಡಿದ್ದಕ್ಕೆ ನೀನು ಟೂ ಬಿಟ್ಟಿದ್ಯಾ?"

ಕೇಳಿ, ಬಾಚಣಿಗೆಯನ್ನು ಅವನ ಕೈಗೆ ವಾಪಸು ಇಟ್ಟಳು.

ಅಭ್ಯಾಸಬಲದಿಂದ ಬಲಗೈ ಮೇಲೆದ್ದಿತು. ನಿಧಾನಕ್ಕೆ ಎಳೆದು ಒಂದು ಸಲ ಮುಚ್ಚಿದರೆ ಸಾಕಿತ್ತು, ಅಯ್ಯೋ ಪಾಪ. ಮೌನಿ ಕತ್ತರಿಯನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇಟ್ಟುಬಿಟ್ಟ. ಬಾಯಿ ತೆರೆದ. ತುಟಿ ಅದುರಿತು, ಕಣ್ಣು ತಾನಾಗಿ ಮುಚ್ಚಿತು, ಕತ್ತಿನ ನರ ಉಬ್ಬಿತು. ಈ ಮುಖ ಮಗಳಿಗೆ ಕಾಣದಿರಲಿ ಎಂದು ಅವನು ಇಷ್ಟು ದಿನ ತಪ್ಪಿಸಿಕೊಂಡು ಓಡಾಡಿದ್ದ. ಈಗ ಎದುರಿಗೆ ಆಳೆತ್ತರದ ಕನ್ನಡಿ.

ಬೆಂಚಿನ ಮೇಲಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ. "ಟೂ ಗೀ ಏನೂ ಇಲ್ಲ ಪುಟ್ಟಿ, ಅಪ್ಪಂಗೆ ಕೆಲಸ ಜಾಸ್ತಿ, ಸುಸ್ತಾಗಿರುತ್ತೆ, ಅದಕ್ಕೇ..."

ಚಿನಕುರುಳಿ ತಿರುಗಲೂ ಇಲ್ಲ. "ಅತ್ತೆ, ಬಾ-ಬಾಚಣಿಗೆ ಅಪ್ಪನ ಕೈಲಿದೆ."

ಅಕ್ಕನ ಮಾತು ಅಲ್ಲೇ ನಿಂತಿತು. ಮಗು ಕನ್ನಡಿಯಲ್ಲಿ ಅಪ್ಪನ ಮುಖ ನೋಡುತ್ತ ಕೂತಿತು. ಕಾಲು ಅಲ್ಲಾಡಿಸಲಿಲ್ಲ, ಬೇಗ ಅನ್ನಲಿಲ್ಲ, ಬೇರೆ ಕಡೆ ನೋಡಲೂ ಇಲ್ಲ. ಅಂಥ ಕಾಯುವಿಕೆಯನ್ನು ಅವನಿಗೆ ಮಾತಿನ ಮಿಸ್ ಒಬ್ಬಳನ್ನು ಬಿಟ್ಟರೆ ಯಾರೂ ಕೊಟ್ಟಿರಲಿಲ್ಲ.

"ಕೋ... ಕೋಪ ಅಲ್ಲ ಪುಟ್ಟಿ," ಎಂದ. "ನಂಗೆ ಭ... ಭ... ಭಯ ಆಗಿತ್ತು. ನಾನು ಮಾತಾಡಿದ್ರೆ... ನಿಂಗೂ ನ-ನನ್ನ ಹಾಗೇ ಆಗುತ್ತೆ ಅಂತ. ಎಲ್ಲ್... ಎಲ್ಲರೂ ನಗ್ತಾರೆ ಅಂತ. ನಿನ್ನ ಜೊತೆ ಮಾತಾಡ್ದೆ ಇರೋಕೆ... ನಂಗೆ ತುಂಬಾ ಕ... ಕಷ್ಟ ಆಯ್ತು."

ಚಿನಕುರುಳಿ ಯೋಚಿಸಿದಳು. ಕೈ ಚಾಚಿ ಬಾಚಣಿಗೆ ಇಸಿದುಕೊಂಡಳು. "ನಿ-ನಿನ್ನ ಹಾಗೇ ಆದ್ರೆ ಆಗ್ಲಿ ಬಿಡು. ನಿ-ನಿನ್ನೆ ಯಾ-ಯಾರು ಬಂದಿದ್ರು? ಮೊ-ಮೊನ್ನೆ? ಎಲ್ಲಾ ಹೇಳು. ಮೊ-ಮೊದ್ಲಿಂದ."

ಮೌನಿ ನಕ್ಕ. ಅಳುವೂ ಬಂತು. ಎರಡನ್ನೂ ಒಟ್ಟಿಗೇ ಮಾಡುತ್ತ ಮಗಳ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡ. ಅವನ ಬಿಳಿ ಅಂಗಿಯೆಲ್ಲ ಒದ್ದೆಯಾಯಿತು.

ಬೆಂಚಿನ ಮೇಲಿದ್ದ ಅಕ್ಕ ವಾರಪತ್ರಿಕೆಯನ್ನು ಮಡಿಚಿ ಪಕ್ಕಕ್ಕಿಟ್ಟಳು. ಭಯ! ಅವಳು ಆ ವಾಕ್ಯವನ್ನು ಸುಸ್ತು ಎಂದು ಮುಗಿಸಿ, ಮಗುವನ್ನು ಎತ್ತಿಕೊಂಡು ಹೊರಟುಹೋಗುತ್ತಿದ್ದಳು. ತಮ್ಮನ ಎಷ್ಟು ಮಾತುಗಳಿಗೆ ತಾನು ಹೀಗೆ ತನ್ನ ಬಾಲ ಅಂಟಿಸಿ ಕಳಿಸಿದ್ದೇನೋ ಎಂದು ಯೋಚಿಸಿದಾಗ ಅವಳಿಗೆ ಬೆವರು ಬಂತು. ಎದ್ದು ಬಂದು ಚಿನಕುರುಳಿಯ ಮುಂದೆ ಕೈ ಚಾಚಿದಳು. ಮಗು ಅತ್ತೆಯ ಮುಖ ನೋಡಿ, ಅನುಮಾನದಿಂದಲೇ ಬಾಚಣಿಗೆ ಕೊಟ್ಟಿತು.

ಬಾಚಣಿಗೆ ಹಿಡಿದ ಅಕ್ಕನಿಗೆ ಜೀವನದಲ್ಲಿ ಮೊದಲ ಸಲ ಮಾತು ತಡವಾಯಿತು. "ಲೋ, ಆವತ್ತು ಮಾಮ ಬಂದು ಯಾವ ಕೆಲಸ ಕಲೀತೀಯ ಅಂತ ಕೇಳಿದ್ರಲ್ಲ," ಎಂದಳು. "ನೀನು ಏನು ಹೇಳೋಕೆ ಹೊರಟಿದ್ದೆ?"

ಬಾಚಣಿಗೆಯನ್ನು ತಮ್ಮನ ಅಂಗೈಯಲ್ಲಿಟ್ಟು, ಹಿಂದೆ ಹೋಗಿ ಬೆಂಚಿನ ಮೇಲೆ ಕೂತಳು.

"ರೇ..." ಎಂದ ಮೌನಿ. "ರೇ... ರೇ..."

ಅಕ್ಕನ ತುಟಿ ಅಲುಗಿತು. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕಾದಳು.